ತುರ್ದಾಕುನ್‌ನ ಕಣ್ಣಳತೆ

ಮುದುಕ ತುರ್ದಾಕುನ್ ಕೈ ತೊಳೆಯಲು ಹೊರಗೆ ಹೋಗಿದ್ದೇ ತಡ, ಎರ್ಮೆಕ್ ಗೂಟಕ್ಕೆ ನೇತುಹಾಕಿದ್ದ ಅವನ ಕೋಟಿನ ಜೇಬಿಗೆ ಕೈ ಹಾಕಿದ. ಸಿಕ್ಕಿದ್ದು ಒಂದು ನಶ್ಯದ ಡಬ್ಬಿ, ಕಲ್ಲಿನಂತೆ ಒಣಗಿದ ನಾಲ್ಕು ಮೊಸರುಂಡೆ. ಯಂತ್ರ ಮಾತ್ರ ಇಲ್ಲ.

"ಏನಪ್ಪಾ ಹುಡುಕ್ತಿದೀಯ?" ರೊಟ್ಟಿ ಹಿಡಿದು ಬಂದ ಅವನ ಹೆಂಡತಿ ಬುರುಲ್‌ಚಾ ಕೇಳಿದಳು.

"ಬೆಂಕಿಪೊಟ್ಣ ಅಜ್ಜಿ."

"ಒಲೆ ನಿನ್ನ ಮುಂದೇನೇ ಉರೀತಿದೆಯಲ್ಲೋ!"

ಎರ್ಮೆಕ್‌ನ ಕಿವಿ ಕೆಂಪಾಯಿತು. ಆದರೂ ಅನುಮಾನ ಹೋಗಲಿಲ್ಲ. ಬಿಷ್ಕೆಕ್‌ನಿಂದ ಈ ಬೇಟೆ ಶಿಬಿರಕ್ಕೆ ಮ್ಯಾನೇಜರಾಗಿ ಬಂದು ಎರಡು ತಿಂಗಳಾಗಿತ್ತು. ಬಂದ ಬೇಟೆಗಾರರೆಲ್ಲ ತುರ್ದಾಕುನ್ನೇ ಜೊತೆಗೆ ಬೇಕೆನ್ನುತ್ತಿದ್ದರು. ಮುದುಕ ದೂರದ ಕಾಡುಹೋತದ ಕಡೆ ಮುಖ ಮಾಡಿ "ಆರುನೂರ ನಲವತ್ತಮೂರು ಮೀಟರ್" ಎಂದರೆ ಅಷ್ಟೇ. ಆರುನೂರ ನಲವತ್ತಲ್ಲ, ನಲವತ್ತಮೂರು! ಯಾವ ಮನುಷ್ಯನ ಕಣ್ಣು ಆ ಮೂರನ್ನು ಕಂಡೀತು? ದೂರ ಅಳೆಯುವ ಯಂತ್ರ ಎಲ್ಲೋ ಬಚ್ಚಿಟ್ಟಿದ್ದಾನೆ ಕಳ್ಳ, ಎಂದುಕೊಂಡಿದ್ದ ಎರ್ಮೆಕ್.

ಮೇಲಾಗಿ ಮುದುಕನ ಗತ್ತು. ದಾರಿಯಲ್ಲಿ ಕೈ ಬೀಸಿದರೆ ತಿರುಗಿಯೂ ನೋಡುವುದಿಲ್ಲ. ಚಹಾ ಬಟ್ಟಲು ಚಾಚಿದರೆ ಕೈ ಮುಂದೆ ಮಾಡುವುದಿಲ್ಲ, ಅಂಗೈಯಲ್ಲೇ ತಂದಿಡಬೇಕು. ಸುಲ್ತಾನನ ಮೊಮ್ಮಗ!

ಮುದುಕ ಬಂದು ಕೂತ ಮೇಲೆ ಎರ್ಮೆಕ್ ನೇರವಾಗಿ ವಿಷಯಕ್ಕೆ ಬಂದ.

"ಅಜ್ಜಾ, ಈ ಸಲ ನಿಮ್ಮ ಹಳೇ ಕಣಿವೆ ಬೇಡ. ಉತ್ತರದ ಬೋಳು ಇಳಿಜಾರಿಗೆ ಹೋಗೋಣ. ನೀವು ಅಲ್ಲಿ ಯಾವತ್ತೂ ಬೇಟೆ ಆಡಿಲ್ವಲ್ಲ. ದೂರ ಹೇಳೋದು ಹತ್ತು ಮೀಟರ್ ತಪ್ಪಿದ್ರೂ ಸಾಕು, ಆವತ್ತಿಂದ ನೀವು ಮನೇಲೇ ಇರಿ."

"ಹತ್ತು ಯಾಕಪ್ಪ? ಐದು ಅಂತಿಟ್ಕೊ."

"ಅಯ್ಯೋ, ಇವರನ್ನ ಮನೇಲಿಟ್ಕೊಂಡು ನಾನೇನು ಮಾಡ್ಲಿ? ಉಪ್ಪಿನಕಾಯಿ ಹಾಕ್ಲಾ?" ಎಂದಳು ಬುರುಲ್‌ಚಾ.

ಮುದುಕ ನಕ್ಕ. ನಲವತ್ತು ವರ್ಷ ಬೆಟ್ಟದಲ್ಲೇ ಬದುಕಿದವನು. ಬೆಟ್ಟ ಬಿಡಿಸಿದರೆ ಒಂದು ಚಳಿಗಾಲವೂ ತಾಳುವುದಿಲ್ಲ ಎಂಬುದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

ಮರುದಿನ ಹೊರಡಬೇಕು, ಅಷ್ಟರಲ್ಲಿ ಮಂಜು ಕವಿಯಿತು. ಮೂರು ದಿನ ಬೇಟೆ ನಿಂತಿತು. ಮೊದಲ ದಿನವೇ ಎರ್ಮೆಕ್‌ನ ಜೀಪಿಗೆ ಬುರುಲ್‌ಚಾ ಎದುರಾದಳು. ಬೆನ್ನ ಮೇಲೆ ಚೀಲ, ಹೆಗಲಲ್ಲಿ ಹಗ್ಗದ ಸುರುಳಿ.

"ಈ ಮಂಜಲ್ಲಿ ಎಲ್ಲಿಗಜ್ಜಿ?"

"ಚಮರಿ ತಪ್ಪಿಸ್ಕೊಂಡಿದೆ ಮಗಾ. ಉತ್ತರದ ಕಡೆ ಹೋಗಿರಬೇಕು."

ಪಾಪ ಅನ್ನಿಸಿತು. ಇಳಿಜಾರಿನ ಬುಡದವರೆಗೂ ಕರೆದೊಯ್ದು ಚೀಲವನ್ನು ತಾನೇ ಇಳಿಸಿಕೊಟ್ಟ.

"ಅಬ್ಬಾ, ಏನಜ್ಜಿ ಇಷ್ಟು ಭಾರ?"

"ಉಪ್ಪು ಕಣಪ್ಪ. ಆಸೆ ತೋರಿಸಿದ್ರೆ ತಾನಾಗೇ ಬರುತ್ತೆ."

ನಾಲ್ಕನೆಯ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಬೇಟೆಗೆ ಬಂದವನು ನೊವೊಸಿಬಿರ್ಸ್ಕ್‌ನ ಗೆನ್ನಾದಿ. ಎರ್ಮೆಕ್‌ನ ಕುದುರೆ ಮುಂದೆ; ಅದರ ಹಿಂದೆಯೇ ತನ್ನ ಕುದುರೆಯ ಲಗಾಮು ಸಡಿಲ ಬಿಟ್ಟು, ಏನೋ ಗುನುಗುತ್ತಾ ತುರ್ದಾಕುನ್. ಆ ಇಳಿಜಾರು ಹಲಗೆಯಷ್ಟು ಸಪಾಟು. ಮರೆಗೆಂದು ಇದ್ದದ್ದು ಬುಡದಲ್ಲಿ ಬಿದ್ದಿದ್ದ ಒಂದು ಮರ ಮಾತ್ರ. ಅದರಾಚೆ ಒಂದು ಹೆಜ್ಜೆ ಇಟ್ಟರೂ ಹೋತಗಳು ಪರಾರಿ. ಮೂವರೂ ಅಲ್ಲೇ ಮಲಗಿದರು. ಅಲ್ಲಿಂದ ಹೊಡೆಯುವುದು ಹುಡುಗಾಟವಲ್ಲ. ಅಷ್ಟು ದೂರ ಹೋಗುವಷ್ಟರಲ್ಲಿ ಗುಂಡು ಆಳೆತ್ತರಕ್ಕಿಂತ ಹೆಚ್ಚು ಕೆಳಗಿಳಿದಿರುತ್ತದೆ. ಲೆಕ್ಕ ತಪ್ಪಿದರೆ ಕಾಲು ಮುರಿದ ಪ್ರಾಣಿ ಎಲ್ಲೋ ನರಳಿ ಸಾಯುತ್ತದೆ.

"ಏನು ಕಾಣ್ತಿದೆ, ಹೇಳು. ಬೇಟೆಗಾರ ಕಂಡದ್ದನ್ನ ಬಾಯಲ್ಲಿ ಹೇಳೋಕೆ ಕಲೀಬೇಕು," ಎಂದ ತುರ್ದಾಕುನ್. ಎಲ್ಲರಿಗೂ ಅವನು ಕೊಡುವ ಮೊದಲ ಪಾಠ ಇದು.

"ಮೂರು ಹೋತ, ಹಿರಿಯರೇ. ದೊಡ್ಡದರ ಕೊಂಬು ಬೆನ್ನು ಮುಟ್ತಿದೆ," ಗೆನ್ನಾದಿ ಪಿಸುಗುಟ್ಟಿದ.

"ಎಲ್ಲಿದೆ?"

"ಕೆಂಪು ಬಂಡೆ ಪಕ್ಕ. ನೆಲಕ್ಕೆ ಮೂತಿ ಹಾಕಿದೆ, ನಮ್ಮ ಕಡೇನೇ."

ಮುದುಕ ಕಣ್ಣು ಮುಚ್ಚಿ, ಕೆನ್ನೆಯನ್ನು ಗಾಳಿಗೊಡ್ಡಿದ.

"ಐನೂರ ಎಪ್ಪತ್ತು."

ಎರ್ಮೆಕ್ ತನ್ನ ಯಂತ್ರ ಒತ್ತಿದ. "ಐನೂರ ಅರವತ್ತೊಂಬತ್ತು! ಒಂದು ತಪ್ಪು!"

"ನಿನ್ನ ಯಂತ್ರ ಮೂತಿ ಅಳೆದಿದೆ ಮಗಾ. ನಾವು ಹೊಡೆಯೋದು ಭುಜಕ್ಕೆ."

ಎರ್ಮೆಕ್ ಯಂತ್ರವನ್ನು ಜೇಬಿಗಿಳಿಸಿದ.

"ಗಾಳಿ ಬಲದಿಂದ. ಒಂದು ಮೊಳ ಬಲಕ್ಕೆ ಹಿಡಿ," ಎಂದ ಮುದುಕ. "ತಾಳು, ಹುಲ್ಲಿನ ಸದ್ದು ಏರ್ತಿದೆ. ಈಗ ಬೇಡ. ಅದು ಪಕ್ಕಕ್ಕೆ ತಿರುಗಿದ್ರೆ ಹೇಳು."

"ತಿರುಗ್ತು."

"ಉಸಿರು ಅರ್ಧ ಬಿಡು. ಇನ್ನೊಂಚೂರು ತಾಳು... ಹ್ಞೂಂ."

ಬೆಟ್ಟ ಗುಡುಗಿತು. ಹೋತ ಎರಡನೆಯ ಹೆಜ್ಜೆ ಇಡಲಿಲ್ಲ. ಗೆನ್ನಾದಿ ಮುದುಕನನ್ನು ಎತ್ತಿ ಗಿರಗಿರನೆ ತಿರುಗಿಸಿದ. ಎರ್ಮೆಕ್ ಟೋಪಿ ತೆಗೆದು ನಿಂತ. ಅವನಿಗೆ ನಿಜಕ್ಕೂ ನಾಚಿಕೆಯಾಗಿತ್ತು.

"ಅಜ್ಜಾ, ನಾನು ನಿಮ್ಮ ಜೇಬು ತಡಕಿದ್ದೆ. ತಪ್ಪಾಯ್ತು."

"ಓ, ನಶ್ಯ ಕಡಿಮೆಯಾಗಿದ್ದು ನಿನ್ನಿಂದಾನಾ?"

"ದೇವರಾಣೆ ನಶ್ಯ ಮುಟ್ಟಿಲ್ಲ ಅಜ್ಜಾ! ಇನ್ನು ನಿಮ್ಮ ಕೈಲಾಗೋವರೆಗೂ ಈ ಬೆಟ್ಟ ನಿಮ್ಮದು. ಇಂಥ ಕಣ್ಣು ಇಡೀ ನಾಡಲ್ಲೇ ಇಲ್ಲ!"

ಸಂಜೆ ಮುದುಕನನ್ನು ಮನೆಯ ಬೇಲಿಯವರೆಗೂ ಬಿಟ್ಟು, ಅದನ್ನೇ ಊರಿಗೆಲ್ಲ ಕೇಳುವಂತೆ ಇನ್ನೊಮ್ಮೆ ಕೂಗಿ ಎರ್ಮೆಕ್ ಹೊರಟುಹೋದ. ಬುರುಲ್‌ಚಾ ಸೊಂಟ ಹಿಡಿದುಕೊಂಡು ಹೊರಗೆ ಬಂದಳು.

"ಗೆದ್ವಿ ಕಣೇ ಮುದುಕಿ! ಕೆಂಪು ಬಂಡೆ ಹತ್ರಾನೇ ಬಂತು!"

"ಬರದೆ ಏನು, ಮೂರು ದಿನ ಉಪ್ಪು ಸುರಿದಿದೀನಿ. ಬಿದ್ದ ಮರದಿಂದ ಇಪ್ಪತ್ತು ಮೀಟರಿನ ಹಗ್ಗಾನ ಇಪ್ಪತ್ತೆಂಟೂವರೆ ಸಲ ಹಾಸಿ ಅಳೆದು ಅಳೆದು ನನ್ನ ಸೊಂಟಾನೇ ಬಿದ್ದುಹೋಯ್ತು. ಮುಂದಿನ ಸಲ ಹತ್ತಿರದಲ್ಲೇ ಹಾಕ್ತೀನಿ ನೋಡಿ."

"ಬೇಡ ಬೇಡ, ಹತ್ತಿರ ಹಾಕಿದ್ರೆ ನನ್ನ ಹೆಸರು ಕೆಡುತ್ತೆ," ಎನ್ನುತ್ತಾ ಮುದುಕ ಎದೆಯುಬ್ಬಿಸಿ ದಾಪುಗಾಲಿಟ್ಟ.

"ಹೆಸರು ಆಮೇಲೆ, ಮೊದಲು ನನ್ನ ಕೈ ಹಿಡ್ಕೊಳ್ಳಿ," ಎಂದಳು ಬುರುಲ್‌ಚಾ. "ಐದು ವರ್ಷದಿಂದ ಕಣ್ಣೇ ಕಾಣದೋರು ಹೀಗೆ ದಡದಡ ನಡೆದ್ರೆ ಕುರಿದೊಡ್ಡಿಗೆ ಹೋಗಿ ಬೀಳ್ತೀರ."