ರಟ್ಟಿನ ಕಿಂಡಿ

ನಾನು ಕಲಿಸುವ ತರಗತಿಯ ಹುಡುಗನೊಬ್ಬನಿಗಾಗಿ ಇವತ್ತು ಸೋಪಿನ ಖಾಲಿ ಡಬ್ಬಿ ಕತ್ತರಿಸುವಾಗ, ಆ ವಾಸನೆಗೆ ಚಿಕ್ಕಂದಿನಲ್ಲಿ ನಾನು ಓದಿದ ಘಾಟಬೋರಾಳದ ಶಾಲೆಯ ಒಂದು ಮಧ್ಯಾಹ್ನ ಎದ್ದು ಬಂತು.

ನಾನು ಬರೆದ ಅಕ್ಷರಗಳು ಗೆರೆ ಬಿಟ್ಟು ಮೇಲೆ ಕೆಳಗೆ ಅಲೆಯುತ್ತಿದ್ದವು. ಅಳಿಸಿ ಅಳಿಸಿ ಹಾಳೆ ಹಿಂಜಿದ ಹತ್ತಿಯಂತಾಗಿತ್ತು. ಆ ದಿನ ಅವ್ವ ತೊಗರಿ ಹೊಲದಿಂದ, ಕೈಗಂಟಿದ ಮಣ್ಣನ್ನೂ ತೊಳೆಯದೆ ನೇರ ಶಾಲೆಗೆ ಬಂದಳು.

"ಇಕಿಗಿ ಬರಿಯಾಕ ಬರಂಗಿಲ್ಲ ಟೀಚರ್ರಿ. ಸಾಲಿ ಬಿಡಸ್ತೀನ್ರಿ. ನನಗೂ ಕಳೆ ಕೀಳಾಕ ಒಬ್ಬಾಕಿ ಆಗ್ತಾಳ."

ಬಸವಕಲ್ಯಾಣದಿಂದ ದಿನವೂ ಬಸ್ಸಿನಲ್ಲಿ ನಿಂತೇ ಬರುತ್ತಿದ್ದ ನಸೀಮಾ ಟೀಚರ್ ವಾದಿಸಲಿಲ್ಲ. ಅಷ್ಟು ತ್ರಾಣ ಉಳಿದಿರಲಿಲ್ಲವೇನೋ. ಮೇಜಿನ ಖಾನೆಯಿಂದ ಸೋಪಿನ ಡಬ್ಬಿ ತೆಗೆದು, ಅದರ ರಟ್ಟಿನಲ್ಲಿ ಒಂದೇ ಸಾಲು ಕಾಣುವಷ್ಟು ಉದ್ದನೆಯ ಕಿಂಡಿ ಕೊರೆದು, ನನ್ನ ಹಾಳೆಯ ಮೇಲಿಟ್ಟರು.

"ಕಣ್ಣು ಚಲೋ ಅವ, ಕೈನೂ ಚಲೋ ಅದ. ಎರಡೂ ಕೂಡಿ ನಡ್ಯಂಗಿಲ್ಲ, ಅಷ್ಟೇ. ಇಡೀ ಹಾಳಿ ಒಮ್ಮೆಗೇ ಕಂಡ್ರ ಕೂಸು ಗಾಬರಿ ಆಗ್ತದ. ಒಂದೊಂದೇ ಸಾಲು ಕಾಣ್ಲಿ ಬಿಡ್ರಿ."

ನಾನು ಬರೆದೆ. ಅಕ್ಷರ ರಟ್ಟಿನ ಅಂಚಿಗೆ ತಾಗಿ ನಿಂತಿತು. ಅವ್ವ ಬಗ್ಗಿ ನೋಡಿದಳು.

ಮರಳುವಾಗ ಹೊಲದ ಬದುವಿನ ಮೇಲೆ ನಿಂತಳು. ಇನ್ನೂ ಕಳೆ ಕೀಳದ ತೊಗರಿ ಸಾಲುಗಳು ಕಣ್ಣು ಹಾಯುವವರೆಗೂ ಚಾಚಿದ್ದವು. ಅವ್ವ ನನ್ನ ಕೈಯಿಂದ ರಟ್ಟು ಇಸಿದುಕೊಂಡು, ಕಿಂಡಿಯನ್ನು ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ ಅದರೊಳಗಿಂದ ಹೊಲದ ಒಂದೇ ಸಾಲು ನೋಡಿದಳು. ಬಹಳ ಹೊತ್ತು ನೋಡಿದಳು.

"ನಾಳಿ ಸಾಲಿಗಿ ಹೋಗು," ಎಂದಳು, ರಟ್ಟನ್ನು ಕಣ್ಣಿನಿಂದ ಇಳಿಸದೆ.