ಕಿತ್ತಳೆ ಪೆಟ್ಟಿಗೆಯ ಮರಿ

ನಾಯಿಮರಿ ರಾತ್ರಿ ಅಳುವುದನ್ನು ನಿಲ್ಲಿಸಿದ್ದು ತನ್ನಿಂದಲೇ ಎಂದು ಸಿದ್ದಮಲ್ಲಪ್ಪ ಬೆಟ್ಟದಪುರದ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದ. ಕೊಡಗಿನ ಕಿತ್ತಳೆ ತುಂಬಿ ಬರುವ ಹಲಗೆ ಪೆಟ್ಟಿಗೆಯೊಂದನ್ನು ಸಂತೆಯಿಂದ ತಂದು, ಒಳಗೆ ಹರಕು ಗೋಣಿ ಹಾಸಿ, ಹಿತ್ತಿಲ ಕಡೆಯ ಜಗಲಿಯಲ್ಲಿ ಇಟ್ಟಿದ್ದ. ಕತ್ತಲಾಗುತ್ತಲೇ ಮರಿಯನ್ನು ಅದರೊಳಗೆ ಬಿಟ್ಟು ಮುಚ್ಚಳದ ಮೇಲೊಂದು ಕಲ್ಲು ಹೇರುತ್ತಿದ್ದ. ಎಷ್ಟೇ ಅರಚಲಿ, ಯಾರೂ ಎದ್ದು ಹೋಗಕೂಡದು, ಮಾತಾಡಿಸಕೂಡದು. ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆ ಕಾಯಬೇಕಾದ ನಾಯಿ, ಒಂಟಿಯಾಗಿ ಮಲಗುವುದನ್ನು ಈಗಲೇ ಕಲಿಯಬೇಕು. ಮೊದಮೊದಲು ಅದು ಕೋಳಿ ಕೂಗುವ ತನಕ ಅತ್ತಿತು. ಬರಬರುತ್ತ ಅಳು ಕಡಿಮೆಯಾಯಿತು. ಈಗಂತೂ ಸದ್ದೇ ಇಲ್ಲ.

ಅವನ ಹೆಂಡತಿ ಶಿವರುದ್ರಮ್ಮನಿಗೆ ಮರಿಯ ಚಿಂತೆ ಇರಲಿಲ್ಲ, ಸೊಸೆ ಶಿವನಂಜಮ್ಮನ ಚಿಂತೆ ಇತ್ತು. ಹುಡುಗಿಯ ಚೊಚ್ಚಲ ಗಂಡುಮಗು, ಹೆಸರಿಡುವ ಮೊದಲೇ ಜ್ವರ ಹತ್ತಿ, ಪಿರಿಯಾಪಟ್ಟಣದ ಬಸ್ಸಿಗೆ ಕಾಯುತ್ತಿದ್ದಾಗ ಶಿವರುದ್ರಮ್ಮನ ತೊಡೆಯ ಮೇಲೇ ತಣ್ಣಗಾಗಿತ್ತು. ಹೊಲದ ಬದಿಯಲ್ಲಿ ಮಣ್ಣು ಮಾಡಿ ತಿಂಗಳಾಗುತ್ತ ಬಂದರೂ ಸೊಸೆಯ ಎದೆಹಾಲು ಬತ್ತಿರಲಿಲ್ಲ. ಶಿವರುದ್ರಮ್ಮ ದಿನಾ ಸಂಜೆ ಊರಲ್ಲಿ ಸಿಕ್ಕಷ್ಟು ಮಲ್ಲಿಗೆ ಬಿಡಿಸಿ ತಂದು ಅವಳ ಎದೆಗೆ ಬಟ್ಟೆಯಲ್ಲಿ ಬಿಗಿಯುತ್ತಿದ್ದಳು. ಮಲ್ಲಿಗೆ ಕಟ್ಟಿದರೆ ಎಂಥವರಿಗೂ ಹಾಲು ಬತ್ತುತ್ತಿತ್ತು. ಇವಳಿಗೆ ಮಾತ್ರ ಬೆಳಗಾದರೆ ರವಿಕೆ ಒದ್ದೆ. ಮಗ ಬೆಟ್ಟಸ್ವಾಮಿ ಸೊಪ್ಪು ಬೇಯಿಸುವ ಕಾಲವೆಂದು ಬ್ಯಾರನ್ನಿನಲ್ಲೇ ಮಲಗುತ್ತಿದ್ದ. ಅವನ ಹತ್ತಿರ ಹೇಳುವ ವಿಷಯವೂ ಅದಾಗಿರಲಿಲ್ಲ.

ಅವತ್ತು ಹಸು ಹೊತ್ತಿಗೆ ಮುಂಚೆಯೇ ಕೂಗಲು ಶುರುಮಾಡಿತು. ಶಿವರುದ್ರಮ್ಮ ಹಾಲು ಕರೆಯುವ ಚೆಂಬು ಹಿಡಿದು ಹಿತ್ತಿಲ ಬಾಗಿಲಿಗೆ ಬಂದಳು. ಜಗಲಿಯಲ್ಲಿ ಸೊಸೆ ಬೆನ್ನು ಮಾಡಿ ಕೂತಿದ್ದಳು. ಪೆಟ್ಟಿಗೆಯ ಮೇಲಿನ ಕಲ್ಲು ಕೆಳಗಿತ್ತು. ಎದೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಹೂವು ಚೆಲ್ಲದ ಹಾಗೆ ಮಡಿಸಿ ಪಕ್ಕಕ್ಕಿಟ್ಟಿದ್ದಳು. ಮರಿ ಹಲಗೆಗೆ ಮುಂಗಾಲು ಕೊಟ್ಟು ನಿಂತು, ಕುಂಯ್ ಎನ್ನದೆ ಬಾಲ ಆಡಿಸುತ್ತಿತ್ತು. ಒಂದು ತೆಂಗಿನ ಚಿಪ್ಪಿಗೆ ಸೊಸೆ ತನ್ನ ಎದೆಹಾಲನ್ನು ಹಿಂಡುತ್ತಿದ್ದಳು. ಹಿಂಡಿ ಮುಗಿಸಿ ಚಿಪ್ಪನ್ನು ಪೆಟ್ಟಿಗೆಯೊಳಗೆ ಇಟ್ಟಳು. ಮರಿ ಲೊಚಲೊಚನೆ ಕುಡಿಯತೊಡಗಿತು.

ಶಿವರುದ್ರಮ್ಮ ಕೈಯಲ್ಲಿದ್ದ ಚೆಂಬನ್ನು ನೆಲಕ್ಕಿಟ್ಟಳು. ಬೇಲಿಯಾಚೆ ಯಾರಾದರೂ ನೋಡಿದರೇ ಎಂದು ಮೊದಲು ಅತ್ತ ಕಣ್ಣು ಹಾಯಿಸಿದಳು. ಹುಡುಗಿಗೆ ಗಾಳಿ ಸೋಕಿದೆ, ಊರಿಗೆ ಗೊತ್ತಾದರೆ ತವರಿಗೆ ಕಳಿಸು ಎನ್ನುತ್ತಾರೆ, ಅನ್ನಿಸಿತು. ಅದಕ್ಕಿಂತ ತಡೆಯಲಾಗದೆ ಹೋದದ್ದು, ಮೊಮ್ಮಗ ಕುಡಿಯಬೇಕಾಗಿದ್ದ ಹಾಲು ನಾಯಿಯ ಬಾಯಲ್ಲಿ ಇದೆಯಲ್ಲ ಎಂಬುದು. ಸರ್ರನೆ ಹೋಗಿ ಚಿಪ್ಪನ್ನು ಕಿತ್ತುಕೊಂಡಳು.

“ಏನೇ ಇದು ನೀನು ಮಾಡ್ತಿರೋದು?” ಬೇಲಿಯಾಚೆ ಕೇಳಿಸದ ಹಾಗೆ ಪಿಸುದನಿಯಲ್ಲೇ ಗದರಿದಳು.

ಶಿವನಂಜಮ್ಮ ಸೆರಗು ಹೊದ್ದುಕೊಂಡಳು. ಹೆದರಿದಂತೆ ಕಾಣಲಿಲ್ಲ. “ಅದು ಅತ್ರೆ ಆಲು ತಾನೇ ಇಳೀತದೆ ಅತ್ತೆಮ್ಮ. ನಾನೇನ್ ಮಾಡ್ಲಿ? ಮೊದ್ಲು ಗೋಡೆಗೆ ಇಂಡ್ತಿದ್ದೆ. ಗೋಡೆ ಎಲ್ಲಾ ಒದ್ದೆ ಆಯ್ತಿತ್ತು, ಅದ್ರ ಅಳು ನಿಲ್ತಿರ್ಲಿಲ್ಲ.”

ಶಿವರುದ್ರಮ್ಮ ಕೋಣೆಯ ಗೋಡೆ ನೋಡಿದಳು. ಅದರ ಈಚೆಗೆ ಪೆಟ್ಟಿಗೆ, ಆಚೆಗೆ ಸೊಸೆಯ ಚಾಪೆ. ಅತ್ತರೆ ಅಳಲಿ ಎಂದು ತಾವೆಲ್ಲ ಹೊದ್ದು ಮಲಗಿದ್ದ ಅಷ್ಟೂ ರಾತ್ರಿ ಈ ಹುಡುಗಿ ಇಲ್ಲಿ ಎದ್ದು ಕೂತಿದ್ದಳು. ಮಲ್ಲಿಗೆ ಏನು ತಾನೇ ಮಾಡೀತು.

ಚಿಪ್ಪಿನಲ್ಲಿ ಇನ್ನೂ ಎರಡು ಗುಟುಕು ಇತ್ತು. ಅದನ್ನು ಚೆಲ್ಲಲೆಂದು ತಿಪ್ಪೆಯ ಕಡೆ ಹೊರಟವಳು ನಡುವೆ ನಿಂತಳು. ತಿಪ್ಪೆಯ ಮೇಲೆ ಕೋಳಿಗಳು ಕೆದಕುತ್ತಿದ್ದವು. ಬಚ್ಚಲ ಮೋರಿ ನೋಡಿದಳು, ಬಾಳೆಯ ಬುಡ ನೋಡಿದಳು. ಎಲ್ಲಿ ಚೆಲ್ಲಬೇಕೋ ತಿಳಿಯಲಿಲ್ಲ. ಚಿಪ್ಪಿನ ಬಿಸಿ ಅಂಗೈಗೆ ತಾಕುತ್ತಿತ್ತು. ಆ ಮಗು ಕೊನೆಯ ಹೊತ್ತಿನಲ್ಲಿ ಮೊಲೆಯನ್ನೇ ಹಿಡಿದಿರಲಿಲ್ಲ, ಎಷ್ಟು ಇಟ್ಟರೂ ಬಾಯಿ ತೆರೆದಿರಲಿಲ್ಲ. ಶಿವರುದ್ರಮ್ಮ ವಾಪಸು ಬಂದು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ತಾನೇ ಚಿಪ್ಪನ್ನು ಮರಿಯ ಮುಂದೆ ಹಿಡಿದಳು. ಅದು ತಳ ಕಾಣುವ ತನಕ ನೆಕ್ಕಿತು.

ಒಳಗಿನಿಂದ ಕೆಮ್ಮು ಕೇಳಿಸಿತು. ಶಿವರುದ್ರಮ್ಮ ಚಿಪ್ಪನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಸಿದ್ದಮಲ್ಲಪ್ಪ ಬಾಗಿಲಿಗೆ ಬಂದು, ರಾತ್ರಿಯೂ ಸದ್ದಿರಲಿಲ್ಲವಲ್ಲ ಎಂದು ಖುಷಿಪಟ್ಟ. ಅತ್ತಷ್ಟೂ ಅಳಲು ಬಿಟ್ಟರೆ ಯಾವುದಾದರೂ ಕಲಿಯುತ್ತದೆ ಎಂದ.

“ಪೆಟ್ಗೆ ಇನ್ಮೇಲೆ ಒಳಗಿರ್ಲಿ ಕಣ್ರೀ, ಇವಳ ಕೋಣೇಲಿ,” ಎಂದಳು ಶಿವರುದ್ರಮ್ಮ.

ಅವನಿಗೆ ತಾನು ಕೇಳಿಸಿಕೊಂಡದ್ದು ಸರಿಯೇ ಎಂದು ಅನುಮಾನವಾಯಿತು. ಲಿಂಗಪೂಜೆ ನಡೆಯುವ ಮನೆಯೊಳಕ್ಕೆ ನಾಯಿಯೇ ಎಂದು ಕೇಳಿದ. ಅವಳು ಪೆಟ್ಟಿಗೆಯ ಒಂದು ತುದಿಗೆ ಕೈ ಹಾಕಿದಳು. ಸೊಸೆ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಎತ್ತಿದಾಗ ಮರಿ ಹಲಗೆಯ ಸಂದಿಯಿಂದ ಮುಖ ಹೊರಗೆ ಹಾಕಿತು.

ಸಿದ್ದಮಲ್ಲಪ್ಪ ಬಾಗಿ ಅದನ್ನು ನೋಡಿದ. ಆಮೇಲೆ ನೆಲದಲ್ಲಿದ್ದ ಖಾಲಿ ಚೆಂಬನ್ನು ನೋಡಿದ. ಕೊಟ್ಟಿಗೆಯಲ್ಲಿ ಹಸು ಇನ್ನೂ ಕೂಗುತ್ತಲೇ ಇತ್ತು.

“ಅಸ ಇನ್ನೂ ಕರ್ದೇ ಇಲ್ಲ,” ಎಂದ. “ಇದ್ರ ಮೂತಿಗೆ ಆಲು ಎಲ್ಲಿಂದ ಬಂತು?”