ಬೆಟ್ಟದ ಮೇಲಿನ ಕೆಲಸ

ಲೈಹೋ ಗಂಜಿಗೆ ಅಕ್ಕಿ ತೊಳೆಯುತ್ತಿದ್ದಾಗ ಯಾರೋ ಬಾಗಿಲು ಬಡಿದರು. ಮೂರನೇ ನೀರು ಇನ್ನೂ ಚೆಲ್ಲಿರಲಿಲ್ಲ. ಒದ್ದೆ ಕೈಯಲ್ಲೇ ಅಗುಳಿ ತೆಗೆದಳು. ಬೆಟ್ಟದ ಮೇಲಿನ ಬಂಗಲೆಯಲ್ಲಿ ಪಲ್ಲಕ್ಕಿ ಹೊರುವ ಪಾಂಗ್ ಮಾಮ ಬಟ್ಟೆಯ ಗಂಟು ಹಿಡಿದು ನಿಂತಿದ್ದ.

ಹೇಳಿಕಳಿಸಿದ್ದನ್ನು ಅವನು ಒಂದೇ ಉಸಿರಿಗೆ ಒಪ್ಪಿಸಿದ. ಹತ್ತು ಗಂಟೆಗೆ ಮಗುವನ್ನು ಕರೆದುಕೊಂಡು ಮೇಲೆ ಬರಬೇಕು. ಬಂಗಲೆಗಲ್ಲ, ಹಾಂಗ್‌ಕಾಂಗ್ ಪೂರಾ ಕಾಣುವ ಆ ಕಟ್ಟೆಗೆ. ಮಿಸ್ ಕಾಲ್ಡರ್ ಗೆಳತಿಯರ ಜೊತೆ ಅಲ್ಲಿ ಗಾಳಿಗೆ ಕೂತಿರುತ್ತಾರೆ. ಗಂಟಿನಲ್ಲಿರುವುದನ್ನೇ ತೊಟ್ಟು ಬರಬೇಕು. ಮಗು ಅವಳನ್ನು ‘ಆ-ಹೋ’ ಎಂದೇ ಕರೆಯಬೇಕು, ಅಲ್ಲಿನ ಮಕ್ಕಳು ತಮ್ಮ ಆಯಾಗಳನ್ನು ಕರೆಯುವ ಹಾಗೆ.

ಗಂಟಿನಲ್ಲಿ ಆಯಾಗಳು ತೊಡುವ ಬಿಳಿ ಅಂಗಿಯೂ ಕರಿಯ ಷರಾಯಿಯೂ ಇದ್ದವು.

“ಒಪ್ಕೊಂಡ್ಬಿಡು ಮಗಳೇ,” ಎಂದ ಪಾಂಗ್ ಮಾಮ. “ನಮ್ಮಂಥೋರು ಆ ಬೆಟ್ಟದ ಮೇಲೆ ಮಲಗಬೇಕಂದ್ರೆ ಒಂದೋ ಪಲ್ಲಕ್ಕಿ ಹೊರಬೇಕು, ಇಲ್ಲ ಪಾತ್ರೆ ತಿಕ್ಕಬೇಕು. ನಿಂಗೆ ಮಗು ನೋಡ್ಕೊಳ್ಳೋ ಕೆಲಸ. ಇನ್ನೇನು ಬೇಕು?”

ಅವನು ಹೇಳಿದ್ದು ಸುಳ್ಳಲ್ಲ. ಚೀನೀಯರು ಆ ಬೆಟ್ಟದ ಮೇಲೆ ಮನೆ ಮಾಡುವಂತಿಲ್ಲ ಎಂದು ಕಾನೂನೇ ಇತ್ತು. ಆಳುಗಳಿಗೆ ಮಾತ್ರ ಅಡ್ಡಿಯಿರಲಿಲ್ಲ. ಕಾಲ್ಡರ್ ಸಾಹೇಬ ಹೋದ ಚಳಿಗಾಲ ಜ್ವರದಲ್ಲಿ ತೀರಿಕೊಂಡ. ಆರು ವರ್ಷದ ಎಡಿತ್‌ಳನ್ನು ಸಾಕಲು ಅವನ ಅಕ್ಕ ಮಿಸ್ ಕಾಲ್ಡರ್ ಹಡಗು ಹತ್ತಿ ಬಂದಿದ್ದಳು. ಮಗುವಿಗೆ ತಂದೆಯದೇ ಕಂದು ಕೂದಲು, ತಂದೆಯದೇ ತಿಳಿಬಣ್ಣದ ಕಣ್ಣು. ಹುಟ್ಟಿದ ಗಳಿಗೆಯಿಂದ ಅವಳನ್ನು ಎತ್ತಿ ಆಡಿಸಿದವಳು ಲೈಹೋ. ಸಾಹೇಬ ಹೋದ ಮೇಲೆ ಮೆಟ್ಟಿಲು ಬೀದಿಯ ಎರಡು ಕೋಣೆಗಳಲ್ಲಿ ಅವರಿಬ್ಬರೇ ಉಳಿದಿದ್ದರು.

ಮೇಲೆ ಹೋದರೆ ಎಡಿತ್‌ಗೆ ಪಿಯಾನೋ, ಶಾಲೆ, ಒಳ್ಳೆಯ ಬೂಟು. ಲೈಹೋಗೆ ಹಿತ್ತಿಲ ಕೋಣೆಯಲ್ಲಿ ಒಂದು ಮಂಚ. ಅವಳಿಗೆ ಬೇಕಾಗಿದ್ದದ್ದು ಒಂದೇ, ಎಡಿತ್‌ಳಿಂದ ದೂರವಾಗದೆ ಇರುವುದು. ಆ ಮಂಚ ಸಿಕ್ಕರೆ ಅಷ್ಟಾದರೂ ದಕ್ಕುತ್ತದೆ ಎಂದುಕೊಂಡಳು. ಕನ್ನಡಿಯ ಮುಂದೆ ನಿಂತು ತುರುಬು ಬಿಚ್ಚಿ, ಆಯಾಗಳಂತೆ ಒಂಟಿ ಜಡೆ ಹೆಣೆದಳು. ಎಡಿತ್ ಏನೋ ಕೇಳಲು ಬಾಯಿ ತೆರೆದಳು. ಈಗ ಬೇಡ ಎಂದು ಲೈಹೋ ತಲೆಯಾಡಿಸಿದಳು. ಅಕ್ಕಿ ನೀರಿನಲ್ಲೇ ಉಳಿಯಿತು.

ಟ್ರಾಮಿನ ಕಂಡಕ್ಟರ್ ಬಿಳಿ ಅಂಗಿ ನೋಡಿದ, ಕಂದು ಕೂದಲು ನೋಡಿದ, ಇಬ್ಬರನ್ನೂ ಮೊದಲ ದರ್ಜೆಗೆ ಹತ್ತಿಸಿದ.

“ಪುಣ್ಯವಂತೆ ಅಕ್ಕ ನೀನು,” ಎಂದ ಮೆಲ್ಲಗೆ. “ಹನ್ನೊಂದು ವರ್ಷದಿಂದ ಇಲ್ಲಿ ನಿಂತೇ ಇದೀನಿ. ನಂಗೂ ಒಂದು ಬಿಳೀ ಮಗು ಕೊಡ್ಸು, ಒಂದಿನ ಕೂತ್ಕೊಂಡು ಹೋಗ್ತೀನಿ.”

ಲೈಹೋ ನಗಲಿಲ್ಲ. ಗಂಜಿ ಹಾಕಿದ ಹೊಸ ಕಾಲರು ಕತ್ತನ್ನು ಕೊರೆಯುತ್ತಿತ್ತು. ದಾರಿಯುದ್ದಕ್ಕೂ ಎಡಿತ್ ಬಾಯೊಳಗೇ ‘ಆ-ಹೋ, ಆ-ಹೋ’ ಎಂದು ಪಾಠದಂತೆ ಹೇಳಿಕೊಳ್ಳುತ್ತಿದ್ದಳು. ಪ್ರತಿ ಸಲವೂ ಲೈಹೋಳ ಮುಖ ನೋಡುತ್ತಿದ್ದಳು.

ಕಟ್ಟೆಯ ಮೇಲೆ ಮಂಜು ಸರಿದಿತ್ತು. ಕೆಳಗೆ ಬಂದರು, ಹಡಗು, ಒತ್ತೊತ್ತಾದ ಮಾಳಿಗೆಗಳು. ನೋಡಲು ಬಂದವರೆಲ್ಲ ಕಲ್ಲುಬೆಂಚುಗಳ ಮೇಲೆ ಕೂತಿದ್ದರು. ಆಯಾಗಳು ಬೆಂಚುಗಳ ಹಿಂದೆ ಸಾಲಾಗಿ ನಿಂತಿದ್ದರು. ಲೈಹೋ ಸಹ ಹಾಗೆಯೇ ನಿಂತಳು. ಗೆಳತಿಯರು ಮಗುವಿನ ಗಲ್ಲ ಹಿಡಿದು ನೋಡಿದರು, ಕಣ್ಣುಗಳನ್ನು ಹೊಗಳಿದರು. ಒಬ್ಬಳು, ಇವಳ ತಾಯಿ ಎಲ್ಲಿ ಎಂದು ವಿಚಾರಿಸಿದಳು.

“ಹೆರಿಗೆಯಲ್ಲೇ ಹೋದಳು, ಪಾಪ,” ಎಂದಳು ಮಿಸ್ ಕಾಲ್ಡರ್. “ಗ್ಲಾಸ್ಗೋ ಕಡೆಯ ಹುಡುಗಿ. ಒಳ್ಳೇ ಮನೆತನ.”

ಎಡಿತ್ ಸರಕ್ಕನೆ ಹಿಂತಿರುಗಿ ಲೈಹೋಳನ್ನು ನೋಡಿದಳು.

ಆಗ ಲೈಹೋ ಬೆಂಚನ್ನು ಬಳಸಿ ಮುಂದೆ ಬಂದಳು. ಮಿಸ್ ಕಾಲ್ಡರಳ ಪಕ್ಕದಲ್ಲಿ, ಅವಳ ಛತ್ರಿಯನ್ನು ಅತ್ತ ಸರಿಸಿ, ಕೂತಳು. ಎಡಿತ್‌ಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಆಯಾ ಕೆಮ್ಮಿದಳು.

“ನೋಡು,” ಎಂದು ಮಗುವಿಗೆ ಕೈತೋರಿಸಿ ಹೇಳಿದಳು. “ಆ ಹಸಿರು ಮಾಳಿಗೆ ಕಾಣ್ತಾ? ಅದರ ಪಕ್ಕದ್ದೇ ನಮ್ಮನೆ. ನಿನ್ನೆ ಒಣಹಾಕಿದ ಬಟ್ಟೆ ತೆಗೆಯೋದೇ ಮರೆತಿದೀವಿ.”

ಗೆಳತಿಯರಲ್ಲಿ ಇಬ್ಬರು ಎದ್ದು ನಿಂತರು.

“ಏಳು, ಆ-ಹೋ,” ಎಂದಳು ಮಿಸ್ ಕಾಲ್ಡರ್. “ನೀನು ಯಾರು ಅನ್ನೋದು ಮರೆತುಹೋಯ್ತಾ?”

“ನೆನಪಿದೆ ಮೇಡಂ. ಅದಕ್ಕೇ ಕೂತಿದ್ದು.”

ಕೆಲಸ ಬೇಡವೆಂದು ಅವಳು ಅಲ್ಲೇ ಹೇಳಿದಳು. ಅಂಗಿ ಷರಾಯಿಗಳನ್ನು ಒಗೆದು ಪಾಂಗ್ ಮಾಮನ ಕೈಯಲ್ಲಿ ಕಳಿಸುವುದಾಗಿಯೂ ಹೇಳಿದಳು. ಊರನ್ನು ಕಣ್ತುಂಬ ನೋಡಿ ಮುಗಿಯುವ ತನಕ ಏಳಲಿಲ್ಲ. ಆಮೇಲೆ ಎಡಿತ್‌ಳ ಕೈ ಹಿಡಿದು, ಟ್ರಾಮಿನ ಕಡೆಗಲ್ಲ, ಕೆಳಗಿಳಿಯುವ ಕಾಲುದಾರಿಯ ಕಡೆಗೆ ಹೊರಟಳು.

“ಮಗುವಿನ ಕೈ ಬಿಡು.” ಮಿಸ್ ಕಾಲ್ಡರ್ ಎದ್ದು ನಿಂತಳು. “ನೀನು ಹೋಗು, ಅವಳು ಇಲ್ಲೇ ಇರಲಿ.”

ಲೈಹೋ ಕೈ ಬಿಡಲಿಲ್ಲ. ಪೊಲೀಸರನ್ನು ಕರೆಸೋಣವೇ ಎಂದು ಗೆಳತಿಯೊಬ್ಬಳು ಕೇಳಿದಳು. ಮಿಸ್ ಕಾಲ್ಡರ್ ಬೇಡವೆಂದಳು. ಪೊಲೀಸರು ಬಂದರೆ ಮೊದಲು ಕೇಳುವುದು ಮಗುವಿನ ತಾಯಿ ಯಾರೆಂದೇ.

ನಾಲ್ಕು ಹೆಜ್ಜೆ ನಡೆದ ಎಡಿತ್ ನಿಂತಳು. ಬೆಳಗಿನಿಂದ ಗಂಟಲಲ್ಲಿ ಹಿಡಿದಿಟ್ಟುಕೊಂಡಿದ್ದನ್ನು ಆ ಹೆಂಗಸರಿಗೂ ತಿಳಿಯುವ ಇಂಗ್ಲಿಷಿನಲ್ಲಿ, ಬೆಟ್ಟಕ್ಕೆಲ್ಲ ಕೇಳುವ ಹಾಗೆ ಕೇಳಿದಳು:

“ಅಮ್ಮಾ, ಈಗ ನಿನ್ನನ್ನ ಅಮ್ಮಾ ಅನ್ನಬಹುದಾ?”